ತಾತ್ಕಾಲಿಕ ಸೇತುವೆಗೆ ಎಷ್ಟು ಆಯುಷ್ಯ?

1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲ ತನ್ನ ಹಳೆಯ ಭಾಷೆಯನ್ನು ಬಿಟ್ಟು ಹೊಸದನ್ನು ಆಡತೊಡಗಿತು. ಅಲ್ಲಿಯವರೆಗೆ ಆ ಜಾಲದ ಕಂಪ್ಯೂಟರುಗಳು ಒಂದರೊಡನೊಂದು ವ್ಯವಹರಿಸಲು ಅನುಸರಿಸುತ್ತಿದ್ದ ನಿಯಮಾವಳಿಗೆ ಎನ್‌ಸಿಪಿ ಎಂದು ಹೆಸರು. ಅದರ ಜಾಗಕ್ಕೆ ಬಂದದ್ದು ಟಿಸಿಪಿ/ಐಪಿ. ಇಂದಿಗೂ ಇಡೀ ಜಗತ್ತಿನ ಅಂತರಜಾಲ ನಿಂತಿರುವುದು ಈ ಎರಡನೆಯದರ ಮೇಲೆಯೇ. ಬದಲಾವಣೆಯ ಯೋಜನೆಯನ್ನು ಜಾನ್ ಪೋಸ್ಟೆಲ್ 1981ರ ನವೆಂಬರಿನಲ್ಲಿಯೇ ಬರೆದಿಟ್ಟಿದ್ದರು. ಒಂದು ವರ್ಷದ ಮಧ್ಯಂತರದಲ್ಲಿ ಹಳಬರೂ ಹೊಸಬರೂ ಮಾತು ಬಿಡಬಾರದೆಂದು, ಎರಡೂ ಭಾಷೆ ಬಲ್ಲ ಕೆಲವು ಕಂಪ್ಯೂಟರುಗಳು ನಡುವೆ ನಿಂತು ದುಭಾಷಿಯ ಕೆಲಸ ಮಾಡುವ ಏರ್ಪಾಡೂ ಆ ಯೋಜನೆಯಲ್ಲಿತ್ತು. ಗಡುವು ಬಂದಾಗ ದುಭಾಷಿಗೂ ಎನ್‌ಸಿಪಿಗೂ ಒಟ್ಟಿಗೇ ವಿದಾಯ.

ಗಡುವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿರುವುದು ಎಲ್ಲ ದೇಶಗಳ ರೂಢಿ. ಅದಕ್ಕಾಗಿ 1982ರಲ್ಲಿಯೇ ಒಂದು ದಿನ ಎನ್‌ಸಿಪಿಯನ್ನು ಬೇಕೆಂದೇ ನಿಲ್ಲಿಸಿ ಎಚ್ಚರಿಕೆ ಕೊಡಲಾಯಿತು. ಆಮೇಲೆ ಇನ್ನೊಮ್ಮೆ, ಎರಡು ದಿನ. ಆದರೂ ಸಿದ್ಧರಾಗದೆ ಉಳಿದವರಿದ್ದರು, ವಿನಾಯಿತಿ ಕೇಳಿದವರಿದ್ದರು. ಗೊಂದಲ ತಿಳಿಯಾಗಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಕೆಲಸ ಮುಗಿದ ಮೇಲೆ, ಈ ಬದಲಾವಣೆಯಿಂದ ಬದುಕುಳಿದು ಬಂದೆ ಎಂದು ಸಾರುವ ಬಿಲ್ಲೆಗಳನ್ನು ಅಂಗಿಗೆ ಚುಚ್ಚಿಕೊಂಡು ಎಂಜಿನಿಯರುಗಳು ಓಡಾಡಿದರಂತೆ.

ಇಷ್ಟು ಸಾಧ್ಯವಾದದ್ದಕ್ಕೆ ಎರಡು ಕಾರಣ. ಆಗ ಜಾಲದಲ್ಲಿದ್ದ ಕಂಪ್ಯೂಟರುಗಳು ಕೆಲವು ನೂರು ಮಾತ್ರ. ಎರಡನೆಯದಾಗಿ, ಜಾಲಕ್ಕೊಬ್ಬ ಯಜಮಾನನಿದ್ದ. ಅಮೆರಿಕದ ರಕ್ಷಣಾ ಇಲಾಖೆ ಹಣ ಕೊಡುತ್ತಿತ್ತು, ಇಲಾಖೆ ದಿನ ಗೊತ್ತುಮಾಡಿತು, ಉಳಿದವರು ಪಾಲಿಸಿದರು. ಕರ್ನಾಟಕದ ಸ್ಥಿರ ದೂರವಾಣಿ ಸಂಖ್ಯೆಗಳ ಹಿಂದೆ 2 ಎಂಬ ಅಂಕಿ ಸೇರಿಕೊಂಡದ್ದನ್ನು ನೆನಪಿಟ್ಟವರಿಗೆ ಇದು ಅರ್ಥವಾಗುತ್ತದೆ. ಇಲಾಖೆ ಪ್ರಕಟಣೆ ಹೊರಡಿಸಿತು, ನಿಗದಿಯಾದ ದಿನ ವಿನಿಮಯ ಕೇಂದ್ರದಲ್ಲಿ ಬದಲಾವಣೆಯಾಯಿತು, ಜನ ಡೈರಿಯಲ್ಲಿ ತಿದ್ದಿಕೊಂಡರು. ಅಂತರಜಾಲದಲ್ಲಿ ಅಂಥ ದಿನ 1983ರ ಬಳಿಕ ಮತ್ತೆ ಬಂದಿಲ್ಲ.

ಬರಬೇಕಾದ ಅಗತ್ಯವೇನೋ ಬೇಗನೆ ಹುಟ್ಟಿತು. ಟಿಸಿಪಿ/ಐಪಿಯಲ್ಲಿ ಪ್ರತಿ ಯಂತ್ರಕ್ಕೂ ಒಂದು ಅಂಕಿವಿಳಾಸ. ಆ ವಿಳಾಸದ ಉದ್ದ 32 ಬಿಟ್. ಲೆಕ್ಕ ಹಾಕಿದರೆ ಸುಮಾರು 429 ಕೋಟಿ ವಿಳಾಸಗಳಾಗುತ್ತವೆ. ಕೆಲವು ನೂರು ಕಂಪ್ಯೂಟರುಗಳಿದ್ದ ಕಾಲದಲ್ಲಿ ಇದು ಕುಬೇರನ ಭಂಡಾರವೇ ಸರಿ. ವಿಂಟ್ ಸರ್ಫ್ 32 ಎಂದು ನಿರ್ಧರಿಸುವಾಗ ಅದನ್ನೊಂದು ಪ್ರಯೋಗವೆಂದೇ ಭಾವಿಸಿದ್ದರು. ಪ್ರಯೋಗ ಮುಗಿಯಲೇ ಇಲ್ಲ, ಲೋಕವ್ಯಾಪಾರವಾಯಿತು. 1990ರ ದಶಕದ ಆರಂಭದಲ್ಲಿಯೇ ಭಂಡಾರದ ತಳ ಕಾಣುವ ದಿನ ದೂರವಿಲ್ಲವೆಂಬುದು ಸ್ಪಷ್ಟವಾಗಿತ್ತು. 1994ರ ಜುಲೈಯಲ್ಲಿ ಟೊರಾಂಟೊದಲ್ಲಿ ಸೇರಿದ ಅಂತರಜಾಲ ಎಂಜಿನಿಯರುಗಳ ಕೂಟ, ಅಂದರೆ ಐಇಟಿಎಫ್, ಹೊಸ ಆವೃತ್ತಿ ಹೇಗಿರಬೇಕೆಂದು ತೀರ್ಮಾನಿಸಿತು. 1995ರ ಡಿಸೆಂಬರಿನಲ್ಲಿ ಐಪಿಯ ಆರನೆಯ ಆವೃತ್ತಿ ಬರಹಕ್ಕಿಳಿಯಿತು. ನಾಲ್ಕರ ನಂತರ ಆರು ಏಕೆ ಎಂದರೆ, ಐದನೆಯ ಅಂಕಿಯನ್ನು ಬೇರೊಂದು ಪ್ರಯೋಗ ಮೊದಲೇ ಹಿಡಿದುಕೊಂಡಿತ್ತು. ಹೊಸ ವಿಳಾಸದ ಉದ್ದ 128 ಬಿಟ್. ಒಟ್ಟು ವಿಳಾಸಗಳ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು.

ತೊಡಕು ಇರುವುದು ಇಲ್ಲಿ. ಐಪಿ-4 ಮಾತ್ರ ಬಲ್ಲ ಕಂಪ್ಯೂಟರು ಐಪಿ-6 ಮಾತ್ರ ಬಲ್ಲ ಕಂಪ್ಯೂಟರಿನೊಡನೆ ನೇರವಾಗಿ ಮಾತಾಡಲಾರದು. ಹೊಸ ಪೀಳಿಗೆಗೆ ಹಳೆಗನ್ನಡ ಕಷ್ಟಪಟ್ಟರೆ ಅರ್ಥವಾದೀತು. ಇವೆರಡರ ನಡುವೆ ಅಷ್ಟೂ ನಂಟಿಲ್ಲ. ಆದ್ದರಿಂದ ಮಧ್ಯಂತರ ಕಾಲಕ್ಕೆ ಏನಾದರೊಂದು ಬೇಕಾಯಿತು. ಮೊದಲ ಉಪಾಯ, ಪ್ರತಿ ಯಂತ್ರವೂ ಎರಡನ್ನೂ ಕಲಿತಿರುವುದು. ಎರಡನೆಯದು, ಹೊಸ ಪೊಟ್ಟಣವನ್ನು ಹಳೆಯ ಲಕೋಟೆಯೊಳಗಿಟ್ಟು ಹಳೆಯ ಜಾಲದ ಮೂಲಕ ಸಾಗಿಸುವ ಸುರಂಗ. ಮೂರನೆಯದು ಭಾಷಾಂತರ. ಮೂರೂ ತಾತ್ಕಾಲಿಕವೆಂದೇ ಎಲ್ಲರೂ ಒಪ್ಪಿದ್ದರು. ತಾತ್ಕಾಲಿಕವೆಂದರೆ ಎಷ್ಟು ದಿನ ಎಂಬುದನ್ನು ಮಾತ್ರ ಯಾರೂ ಬರೆದಿರಲಿಲ್ಲ.

ಬರೆದಿಟ್ಟಿದ್ದ ಒಂದು ಉದಾಹರಣೆ ಇದೆ. 1996ರಲ್ಲಿ ಐಪಿ-6ರ ಪರೀಕ್ಷೆಗೆಂದು ಸಿಕ್ಸ್‌ಬೋನ್ ಎಂಬ ಜಾಲ ಹುಟ್ಟಿಕೊಂಡಿತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಬಾಬ್ ಫಿಂಕ್ ಅದರ ಹೊಣೆ ಹೊತ್ತಿದ್ದರು. ಹಲವು ದೇಶಗಳ ವಿಶ್ವವಿದ್ಯಾಲಯಗಳೂ ಕಂಪನಿಗಳೂ ಸುರಂಗಗಳ ಮೂಲಕ ಅದಕ್ಕೆ ಜೋಡಿಸಿಕೊಂಡು ಹೊಸ ಐಪಿಯ ಅಭ್ಯಾಸ ಮಾಡಿದವು. ಅಲ್ಲಿ ಹಂಚಿದ ವಿಳಾಸಗಳು ಪರೀಕ್ಷೆಗೆ ಮಾತ್ರ, ಮುಂದೊಂದು ದಿನ ಹಿಂದಿರುಗಿಸಬೇಕು ಎಂಬ ಕರಾರು ಆರಂಭದಲ್ಲಿಯೇ ಇತ್ತು. 2004ರ ಮಾರ್ಚಿನಲ್ಲಿ ಫಿಂಕ್ ಮತ್ತು ರಾಬರ್ಟ್ ಹಿಂಡನ್ ಅದರ ಮುಕ್ತಾಯಕ್ಕೆ ದಿನ ಗೊತ್ತುಮಾಡಿದರು: 2006ರ ಜೂನ್ 6. ಆರನೆಯ ವರ್ಷ, ಆರನೆಯ ತಿಂಗಳು, ಆರನೆಯ ದಿನ. ಎಂಜಿನಿಯರುಗಳಿಗೂ ಮುಹೂರ್ತದ ಹುಚ್ಚು ಇರುವುದಕ್ಕೆ ಇದೊಂದು ಸಾಕ್ಷಿ. ಆ ದಿನ ಜಾಲ ಮುಚ್ಚಿತು, ದೊಡ್ಡ ಗಲಾಟೆ ಆಗಲಿಲ್ಲ. ಬಾಡಿಗೆ ಕರಾರಿನಲ್ಲಿ ಅವಧಿ ಬರೆದಿದ್ದರೆ ಮನೆ ಖಾಲಿ ಮಾಡಿಸುವುದು ಸುಲಭ.

ಸಿಕ್ಸ್ ಟು ಫೋರ್ ಎಂಬ ಇನ್ನೊಂದು ಸೇತುವೆಯ ಕಥೆ ಹಾಗೆ ಮುಗಿಯಲಿಲ್ಲ.

2001ರ ಫೆಬ್ರುವರಿಯಲ್ಲಿ ಬ್ರಯನ್ ಕಾರ್ಪೆಂಟರ್ ಮತ್ತು ಕೀತ್ ಮೂರ್ ಇದನ್ನು ರೂಪಿಸಿ ಪ್ರಕಟಿಸಿದರು. ಕಲ್ಪನೆ ಬಹಳ ಉದಾರವಾದದ್ದು. ಊರಿನ ಅಂತರಜಾಲ ಕಂಪನಿ ಐಪಿ-6 ಕೊಡುವವರೆಗೆ ಬಡಪಾಯಿ ಬಳಕೆದಾರ ಏಕೆ ಕಾಯಬೇಕು? ಅವನ ಬಳಿ ಐಪಿ-4ರ ಒಂದು ವಿಳಾಸ ಇದ್ದೇ ಇದೆ. ಅದಕ್ಕೆ ಮುಂದೆ 2002 ಎಂಬ ಗುರುತು ಸೇರಿಸಿದರೆ ಐಪಿ-6ರ ವಿಳಾಸವೊಂದು ತಾನಾಗಿಯೇ ಸಿದ್ಧವಾಗುತ್ತದೆ. ಯಾರಿಗೂ ಅರ್ಜಿ ಹಾಕಬೇಕಿಲ್ಲ, ಶುಲ್ಕ ಕಟ್ಟಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಅಂಥ ಇಬ್ಬರು ಪರಸ್ಪರ ಮಾತಾಡುವಾಗ ವಿಳಾಸದೊಳಗೇ ಹುದುಗಿರುವ ಹಳೆಯ ವಿಳಾಸವನ್ನು ಹೆಕ್ಕಿ ತೆಗೆದು, ಹಳೆಯ ಲಕೋಟೆಯ ಮೇಲೆ ಅದನ್ನೇ ಬರೆದು ಕಳಿಸಿದರಾಯಿತು. ಅಷ್ಟರ ಮಟ್ಟಿಗೆ ಅದು ಚೊಕ್ಕವಾದ ವಿದ್ಯೆ.

ಆದರೆ ಆಚೆಗಿರುವವನು ನಿಜವಾದ ಐಪಿ-6 ಜಾಲದಲ್ಲಿದ್ದರೆ? ಆಗ ನಡುವೆ ಲಕೋಟೆ ಒಡೆದು ಒಳಗಿನದನ್ನು ದಾಟಿಸುವ ಕಟ್ಟೆಯೊಂದು ಬೇಕು. ಅದಕ್ಕೆ ರಿಲೇ ಎಂದು ಹೆಸರು. ಕಟ್ಟೆ ಎಲ್ಲಿದೆ ಎಂದು ಬಳಕೆದಾರ ಹುಡುಕುತ್ತ ಕೂರಬಾರದೆಂದು ಅದೇ 2001ರ ಜೂನಿನಲ್ಲಿ ಕ್ರಿಸ್ಟಿಯನ್ ವಿಟೆಮಾ ಇನ್ನೊಂದು ಅನುಕೂಲ ಸೇರಿಸಿದರು. ಜಗತ್ತಿನ ಎಲ್ಲ ಕಟ್ಟೆಗಳಿಗೂ ಒಂದೇ ವಿಳಾಸ: 192.88.99.1. ಎಲ್ಲಿಂದ ಕಳಿಸಿದರೂ ಹತ್ತಿರದ ಕಟ್ಟೆಗೆ ಹೋಗಿ ಸೇರುತ್ತದೆ. ಯಾವ ಊರಿನಿಂದ 100 ತಿರುಗಿಸಿದರೂ ಆ ಊರಿನ ಪೊಲೀಸರಿಗೆ ಕರೆ ಹೋಗುತ್ತಿದ್ದಂತೆ ಎಂದುಕೊಳ್ಳಬಹುದು.

ವ್ಯತ್ಯಾಸ ಒಂದೇ. 100ರ ಆ ಕಡೆ ಸಂಬಳ ಪಡೆಯುವ ಪೇದೆ ಕೂತಿದ್ದ. ಇಲ್ಲಿ ಯಾರೂ ಇಲ್ಲ. ರಿಲೇಗಳನ್ನು ನಡೆಸುತ್ತಿದ್ದವರು ಪರೋಪಕಾರ ಬುದ್ಧಿಯ ಕೆಲವು ವಿಶ್ವವಿದ್ಯಾಲಯಗಳು, ಕೆಲವು ಕಂಪನಿಗಳು. ಅವು ಕೆಟ್ಟರೆ ಯಾರಿಗೆ ದೂರು ಕೊಡುವುದು? ಬಳಕೆದಾರನಿಗೆ ತಾನು ಯಾವ ದೇಶದ ಯಾವ ಕಟ್ಟೆಯ ಮೂಲಕ ಹಾದುಹೋಗುತ್ತಿದ್ದೇನೆಂಬುದೇ ಗೊತ್ತಿಲ್ಲ. ಹೋಗುವ ದಾರಿಯಲ್ಲಿ ಒಂದು ಕಟ್ಟೆ, ಬರುವ ದಾರಿಯಲ್ಲಿ ಬೇರೊಂದು. ಕಚೇರಿಗಳ ಭದ್ರತಾ ಗೋಡೆಗಳಿಗೆ ಈ ವಿಚಿತ್ರ ಲಕೋಟೆಯ ಪರಿಚಯವಿಲ್ಲದೆ ಅವು ಅದನ್ನು ಸದ್ದಿಲ್ಲದೆ ಎಸೆದುಬಿಡುತ್ತಿದ್ದವು. ಯುರೋಪಿನ ವಿಳಾಸ ಹಂಚಿಕೆಯ ಸಂಸ್ಥೆ ರೈಪ್ ಎನ್‌ಸಿಸಿ 2010ರಲ್ಲಿ ಅಳೆದು ನೋಡಿದಾಗ ಈ ವಿಧಾನದ ಸಂಪರ್ಕಗಳಲ್ಲಿ ಸುಮಾರು ಶೇಕಡ 15ರಷ್ಟು ವಿಫಲವಾಗುತ್ತಿದ್ದುದು ಕಂಡುಬಂತು. ಏಳು ಪತ್ರ ಹಾಕಿದರೆ ಒಂದು ತಲುಪದ ಅಂಚೆ ಇಲಾಖೆಯನ್ನು ಯಾರು ತಾನೆ ಸಹಿಸಿಯಾರು?

ಇಷ್ಟಾದರೂ, ತಿಳಿದೂ ತಿಳಿದೂ ಬಳಸುವವರು ಮಾತ್ರ ಬಳಸಿದ್ದರೆ ಹಾನಿ ಇರಲಿಲ್ಲ. ಎಡವಟ್ಟಾದದ್ದು ಇದು ತಾನಾಗಿ ಚಾಲೂ ಆಗತೊಡಗಿದಾಗ. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ, ಯಂತ್ರಕ್ಕೆ ಸಾರ್ವಜನಿಕ ಐಪಿ-4 ವಿಳಾಸ ಇದ್ದರೆ ಸಾಕು, ಯಾರನ್ನೂ ಕೇಳದೆ ಸಿಕ್ಸ್ ಟು ಫೋರ್ ಸೇತುವೆಯನ್ನು ಕಟ್ಟಿಕೊಳ್ಳುತ್ತಿತ್ತು. ಮನೆಗಳಲ್ಲಿಡುವ ಕೆಲವು ವೈರ್‌ಲೆಸ್ ಪೆಟ್ಟಿಗೆಗಳೂ ಹಾಗೆಯೇ ಮಾಡಿದವು. ಪರಿಣಾಮ ವಿಚಿತ್ರವಾಗಿತ್ತು. ಜಾಲತಾಣವೊಂದು ತನ್ನ ಹಳೆಯ ವಿಳಾಸದ ಜೊತೆಗೆ ಹೊಸದನ್ನೂ ಪ್ರಕಟಿಸಿದ ಕೂಡಲೆ, ಇಂಥ ಕಂಪ್ಯೂಟರು ಹೊಸದರ ಮೂಲಕ ಹೋಗಲು ಯತ್ನಿಸಿ, ಸೇತುವೆ ಮುರಿದಿದ್ದರೆ ಅಲ್ಲೇ ನಿಂತುಬಿಡುತ್ತಿತ್ತು. ಸೋತೆನೆಂದು ಒಪ್ಪಿಕೊಂಡು ಹಳೆಯ ದಾರಿಗೆ ಮರಳಲು ಎಷ್ಟೋ ಸೆಕೆಂಡು, ಕೆಲವೊಮ್ಮೆ ನಿಮಿಷಕ್ಕೂ ಹೆಚ್ಚು. ಪರದೆಯ ಮುಂದೆ ಕೂತವನಿಗೆ ಐಪಿ-4, ಐಪಿ-6 ಯಾವುದೂ ಗೊತ್ತಿಲ್ಲ. ಅವನ ಪಾಲಿಗೆ ಆ ತಾಣ ಕೆಟ್ಟಿದೆ, ಅಷ್ಟೆ. ಅವನು ಬೇರೆ ತಾಣಕ್ಕೆ ಹೊರಟುಹೋಗುತ್ತಾನೆ.

ಹೀಗೆ ಪೇಚಿಗೆ ಸಿಕ್ಕಿದವರು ಸಾವಿರಕ್ಕೆ ಒಬ್ಬರಷ್ಟೋ ಇನ್ನೂ ಕಡಿಮೆಯೋ ಇದ್ದರು. ಆದರೆ ಹತ್ತು ಕೋಟಿ ಜನ ಬರುವ ತಾಣಕ್ಕೆ ಸಾವಿರಕ್ಕೊಬ್ಬರೆಂದರೆ ಒಂದು ಲಕ್ಷ ಗಿರಾಕಿಗಳು. ನಾರ್ವೆಯ ಪತ್ರಿಕಾ ತಾಣಗಳಲ್ಲಿ ಇದನ್ನು ತಿಂಗಳುಗಟ್ಟಲೆ ಅಳೆದು ಲೆಕ್ಕ ಪ್ರಕಟಿಸಿದರು. ಗೂಗಲ್, ಚೆನ್ನಾಗಿ ನಡೆಯುವ ಜಾಲಗಳ ಪಟ್ಟಿಯೊಂದನ್ನು ಮಾಡಿಕೊಂಡು, ಆ ಪಟ್ಟಿಯಲ್ಲಿದ್ದವರಿಗೆ ಮಾತ್ರ ತನ್ನ ಐಪಿ-6 ವಿಳಾಸವನ್ನು ತಿಳಿಸುತ್ತಿತ್ತು. ಐಪಿ-6 ಹರಡಲೆಂದು ಕಟ್ಟಿದ ಸೇತುವೆಯೇ ಐಪಿ-6 ಹರಡದಂತೆ ಅಡ್ಡ ಮಲಗಿತ್ತು.

ಈ ಹಿನ್ನೆಲೆಯಲ್ಲಿ 2011ರ ವಾದವನ್ನು ನೋಡಬೇಕು. ಆ ವರ್ಷದ ಫೆಬ್ರುವರಿ 3ರಂದು ಐಪಿ-4 ವಿಳಾಸಗಳ ಜಾಗತಿಕ ಭಂಡಾರದ ಕೊನೆಯ ಐದು ಮೂಟೆಗಳನ್ನು ಐದು ಖಂಡಗಳ ಸಂಸ್ಥೆಗಳಿಗೆ ಹಂಚಿ ಮುಗಿಸಲಾಯಿತು. ಏಪ್ರಿಲ್ 15ರಂದು ಭಾರತವೂ ಸೇರಿದ ಏಷ್ಯಾ-ಪೆಸಿಫಿಕ್ ವಲಯದಲ್ಲಿ ಪಡಿತರ ಶುರುವಾಯಿತು. ಜೂನ್ 8ರಂದು ಗೂಗಲ್, ಫೇಸ್‌ಬುಕ್, ಯಾಹೂ ಮೊದಲಾದ ದೊಡ್ಡ ತಾಣಗಳು ಒಂದು ದಿನದ ಮಟ್ಟಿಗೆ ಐಪಿ-6 ತೆರೆದು ನೋಡಲು ಒಪ್ಪಿದ್ದವು. ಸೇತುವೆಯ ಬಿರುಕು ಎಲ್ಲರ ಎದುರು ಬಯಲಾಗುವ ಹೊತ್ತು. ಐಇಟಿಎಫ್‌ನಲ್ಲಿ ಓಲೆ ಟ್ರೋನ್ ಒಂದು ಪ್ರಸ್ತಾವ ಮಂಡಿಸಿದರು: ಸಿಕ್ಸ್ ಟು ಫೋರ್ ಅನ್ನು ‘ಐತಿಹಾಸಿಕ’ ಎಂದು ಘೋಷಿಸಿಬಿಡೋಣ. ಐಇಟಿಎಫ್ ಯಾವ ಬರಹವನ್ನೂ ಅಳಿಸುವುದಿಲ್ಲ. ಹಳತಾದದ್ದಕ್ಕೆ ಐತಿಹಾಸಿಕವೆಂಬ ಮುದ್ರೆ ಒತ್ತಿ ಕಪಾಟಿನಲ್ಲಿಡುತ್ತದೆ. ಇನ್ನು ಮುಂದೆ ಇದನ್ನು ಯಾರೂ ಹೊಸದಾಗಿ ಅಳವಡಿಸಬೇಡಿ ಎಂಬುದು ಆ ಮುದ್ರೆಯ ಅರ್ಥ.

ವಿರೋಧಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಅದನ್ನು ಕಟ್ಟಿದ ಇಬ್ಬರಲ್ಲೊಬ್ಬರಾದ ಕೀತ್ ಮೂರ್. ಇದನ್ನು ಹೆತ್ತವರ ಮೋಹವೆಂದು ತಳ್ಳಿಹಾಕುವಂತಿರಲಿಲ್ಲ. ಇದನ್ನೇ ನಂಬಿಕೊಂಡು ಕೆಲಸ ಮಾಡುತ್ತಿರುವವರಿದ್ದಾರೆ, ಅವರ ಕಂಪನಿ ಇನ್ನೂ ಐಪಿ-6 ಕೊಟ್ಟಿಲ್ಲ, ಅವರಿಗೆ ಬೇರೆ ದಾರಿ ತೋರಿಸದೆ ಇರುವ ದಾರಿಯನ್ನೇ ಮುಚ್ಚುವುದು ಯಾವ ನ್ಯಾಯ ಎಂಬುದು ವಿರೋಧಿ ಬಣದ ಪ್ರಶ್ನೆ. ಕೆಟ್ಟಿರುವುದು ರಿಲೇಗಳು ಮತ್ತು ಅದನ್ನು ತಾನಾಗಿ ಚಾಲೂ ಮಾಡುವ ಅಭ್ಯಾಸ, ತಂತ್ರವಲ್ಲ. ಹಾಗಿದ್ದರೆ ಚಾಲೂ ಆಗದಂತೆ ಬದಲಾಯಿಸಿ, ಬೇಕಾದವರು ಬಳಸಿಕೊಳ್ಳಲಿ. ಅತ್ತ ಜಾಲ ನಡೆಸುವವರ ಬಣದ ಮಾತೂ ಅಷ್ಟೇ ತೂಕದ್ದು. ತಿಳಿದು ಬಳಸುವ ಹಿಡಿಯಷ್ಟು ಜನರ ಅನುಕೂಲಕ್ಕಾಗಿ, ತಮ್ಮ ಕಂಪ್ಯೂಟರಿನಲ್ಲಿ ಇಂಥದೊಂದು ಇದೆಯೆಂದೇ ತಿಳಿಯದ ಲಕ್ಷಾಂತರ ಜನ ನರಳಬೇಕೆ? ಮುದ್ರೆ ಬೀಳದ ಹೊರತು ತಯಾರಕರು ಇದನ್ನು ತಮ್ಮ ಪೆಟ್ಟಿಗೆಗಳಿಂದ ತೆಗೆಯುವುದಿಲ್ಲ, ತೆಗೆಯದ ಹೊರತು ದೊಡ್ಡ ತಾಣಗಳು ಐಪಿ-6 ತೆರೆಯುವುದಿಲ್ಲ, ತೆರೆಯದ ಹೊರತು ಕಂಪನಿಗಳು ಕೊಡುವುದಿಲ್ಲ.

ಐಇಟಿಎಫ್‌ನಲ್ಲಿ ಮತದಾನವಿಲ್ಲ. ಸಭೆಯಲ್ಲಿ ಪರವಾದವರು ಒಮ್ಮೆ, ವಿರೋಧವಾದವರು ಒಮ್ಮೆ ಗುಂಯ್‌ಗುಟ್ಟುತ್ತಾರೆ. ಸದ್ದು ಕೇಳಿ ಅಧ್ಯಕ್ಷರು ‘ಸ್ಥೂಲ ಒಮ್ಮತ’ ಇದೆಯೋ ಇಲ್ಲವೋ ಎಂದು ಅಂದಾಜು ಮಾಡುತ್ತಾರೆ. ಬಹುಸಂಖ್ಯಾತರ ಮಾತೇ ಅಂತಿಮವೆಂದಲ್ಲ, ಗಟ್ಟಿಯಾದ ಆಕ್ಷೇಪಕ್ಕೆ ಉತ್ತರ ಸಿಕ್ಕಿರಬೇಕು. ಇಲ್ಲಿ ಸಿಗಲಿಲ್ಲ. 2011ರಲ್ಲಿ ಆ ರೂಪದಲ್ಲಿ ಪ್ರಸ್ತಾವ ಪ್ರಕಟವಾಗಲೇ ಇಲ್ಲ. ಅದರ ಬದಲು ಆಗಸ್ಟಿನಲ್ಲಿ ಹೊರಬಂದದ್ದು ಇನ್ನೊಬ್ಬ ಜನಕ ಬ್ರಯನ್ ಕಾರ್ಪೆಂಟರ್ ಬರೆದ ಸಲಹಾಪತ್ರ: ಈ ಸೇತುವೆಯನ್ನು ಕನಿಷ್ಠ ಅಪಾಯದೊಂದಿಗೆ ನಡೆಸುವುದು ಹೇಗೆ.

ಅದೇ 2011ರ ಜೂನ್ 30ರಂದು ಭಾರತದಲ್ಲಿ 25 ಪೈಸೆಯ ನಾಣ್ಯದ ಮಾನ್ಯತೆ ಮುಗಿಯಿತು. 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದು 54 ವರ್ಷವಾದರೂ ಸಂತೆಯಲ್ಲಿ ಅದು ‘ನಾಲ್ಕಾಣೆ’ಯೇ ಆಗಿತ್ತು. ನಾಣ್ಯವನ್ನು ನಿಲ್ಲಿಸಲು ಸರ್ಕಾರದ ಒಂದು ಅಧಿಸೂಚನೆ ಸಾಕಾಯಿತು. ಅಂತರಜಾಲಕ್ಕೆ ರಿಸರ್ವ್ ಬ್ಯಾಂಕ್ ಇಲ್ಲ.

ವಾದ ಬಗೆಹರಿಯದಿದ್ದರೂ ಕೆಲಸ ಬೇರೆ ಕಡೆಯಿಂದ ಆಯಿತು. 2012ರ ಏಪ್ರಿಲಿನಲ್ಲಿ ‘ಹ್ಯಾಪಿ ಐಬಾಲ್ಸ್’ ಎಂಬ ತಮಾಷೆಯ ಹೆಸರಿನ ವಿಧಾನವೊಂದು ಬಂತು. ಬ್ರೌಸರು ಹೊಸ ದಾರಿಯನ್ನೂ ಹಳೆಯ ದಾರಿಯನ್ನೂ ಹೆಚ್ಚುಕಡಿಮೆ ಒಟ್ಟಿಗೇ ತಟ್ಟಿ ನೋಡುತ್ತದೆ, ಯಾವುದು ಮೊದಲು ತೆರೆದರೆ ಅದು. ಆ ಸೆಪ್ಟೆಂಬರಿನಲ್ಲಿ ವಿಳಾಸ ಆಯ್ಕೆಯ ನಿಯಮ ತಿದ್ದಿ, ಸಿಕ್ಸ್ ಟು ಫೋರ್ ವಿಳಾಸಕ್ಕೆ ಐಪಿ-4ಕ್ಕಿಂತ ಕೆಳಗಿನ ಸ್ಥಾನ ಕೊಟ್ಟರು. ಮುರಿದ ಸೇತುವೆ ಅಲ್ಲೇ ಇತ್ತು, ಅದರ ಮೇಲೆ ಹೋಗುವವರು ಇಲ್ಲವಾದರು. 2012ರ ಜೂನ್ 6ರಂದು ದೊಡ್ಡ ತಾಣಗಳು ಐಪಿ-6 ಅನ್ನು ಶಾಶ್ವತವಾಗಿ ತೆರೆದವು. ಕಡೆಗೆ 2015ರ ಮೇ ತಿಂಗಳಲ್ಲಿ 192.88.99.1 ಎಂಬ ಸಾರ್ವತ್ರಿಕ ವಿಳಾಸಕ್ಕೆ ಐತಿಹಾಸಿಕ ಮುದ್ರೆ ಬಿತ್ತು. ಆ ಬರಹದ ಇಬ್ಬರು ಲೇಖಕರು ಓಲೆ ಟ್ರೋನ್ ಮತ್ತು ಬ್ರಯನ್ ಕಾರ್ಪೆಂಟರ್. ಆದರೆ 2001ರ ಮೂಲ ತಂತ್ರವನ್ನು ಅವರು ಮುಟ್ಟಲಿಲ್ಲ. ಕೀತ್ ಮೂರ್ ಬಣದ ವಾದಕ್ಕೆ ಅಷ್ಟರ ಮಟ್ಟಿಗೆ ಜಯ ಸಿಕ್ಕಿತೆನ್ನಬೇಕು. ನಾಲ್ಕು ವರ್ಷ ತಡವಾದ ಈ ತೀರ್ಪು ಮೊದಲಿನದಕ್ಕಿಂತ ನ್ಯಾಯವಾದದ್ದು, ಅಷ್ಟೇ ನಿರುಪದ್ರವಿಯಾದದ್ದು ಕೂಡ, ಏಕೆಂದರೆ ಅಷ್ಟರಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ.

ತೆರೆಡೊ ಎಂಬ ಇನ್ನೊಂದು ಸುರಂಗದ ಹೆಸರು ಹಡಗಿನ ಮರ ಕೊರೆಯುವ ಹುಳುವಿನದು. 2006ರಲ್ಲಿ ಇದನ್ನು ಬರೆದ ವಿಟೆಮಾ, ಇದು ಕೊನೆಯ ಉಪಾಯವೆಂದೂ ಹೊಸ ಸೌಲಭ್ಯ ಬಂದಂತೆ ತಾನಾಗಿ ಮರೆಯಾಗಬೇಕೆಂದೂ ಅಲ್ಲಿಯೇ ಸೇರಿಸಿದ್ದರು. ಸಿಕ್ಸ್ ಟು ಫೋರ್ ಅನುಭವ ಕಲಿಸಿದ ಪಾಠ ಇರಬಹುದು.

ಸಿಕ್ಸೆಕ್ಸ್‌ಎಸ್ ಎಂಬ ಸೇವೆಯ ಪ್ರಸಂಗ ಇವೆಲ್ಲಕ್ಕಿಂತ ಕುತೂಹಲದ್ದು. ಇಬ್ಬರು ಎಂಜಿನಿಯರುಗಳು ಸ್ವಂತ ಆಸಕ್ತಿಯಿಂದ ಜಗತ್ತಿನ ಹಲವೆಡೆ ಸುರಂಗದ ಬಾಯಿಗಳನ್ನು ತೆರೆಸಿ ಉಚಿತವಾಗಿ ಐಪಿ-6 ಹಂಚುತ್ತಿದ್ದರು. ಇದು ಕೆಟ್ಟಿರಲಿಲ್ಲ, ಚೆನ್ನಾಗಿಯೇ ನಡೆಯುತ್ತಿತ್ತು. ತೊಂದರೆ ಅದೇ ಆಯಿತು. ಐಪಿ-6 ಕೊಡಿ ಎಂದು ಕೇಳಿದ ಗಿರಾಕಿಗಳಿಗೆ ಕೆಲವು ಕಂಪನಿಗಳು, ಅಲ್ಲಿ ಪುಕ್ಕಟೆ ಸಿಗುತ್ತದಲ್ಲ, ಅಲ್ಲೇ ತೆಗೆದುಕೊಳ್ಳಿ ಎನ್ನತೊಡಗಿದವು. ಅನ್ನಛತ್ರ ಇದೆಯೆಂದು ಮನೆಯವರು ಒಲೆ ಹಚ್ಚದೆ ಕೂತರೆ ಛತ್ರದವನು ಏನು ಮಾಡಬೇಕು? ನಿಮ್ಮ ಕಂಪನಿಯನ್ನೇ ಕೇಳಿ ಎಂಬ ಅಭಿಯಾನ ನಡೆಸಿ, 2017ರ ಜೂನ್ 6ರಂದು ಅವರು ಬಾಗಿಲು ಮುಚ್ಚಿದರು. ಕೆಟ್ಟ ಸೇತುವೆಯನ್ನು ಕೆಡಹಲು ಹದಿನಾಲ್ಕು ವರ್ಷ ಹಿಡಿದ ಲೋಕದಲ್ಲಿ ಒಳ್ಳೆಯ ಸೇತುವೆಯೊಂದನ್ನು ಕಟ್ಟಿದವರೇ ಕೆಡವಿದರು.

ಈ ಎಲ್ಲಕ್ಕಿಂತ ಹಳೆಯ ತಾತ್ಕಾಲಿಕವೊಂದು ಇನ್ನೂ ಗಟ್ಟಿಯಾಗಿ ಕೂತಿದೆ. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹಲವು ಯಂತ್ರಗಳನ್ನು ಅಡಗಿಸುವ ನ್ಯಾಟ್ ಎಂಬ ವಿಧಾನ 1994ರಲ್ಲಿ ಬಂದಾಗ ಅಲ್ಪಾವಧಿಯ ಪರಿಹಾರವೆಂದೇ ಪರಿಚಯಿಸಿಕೊಂಡಿತ್ತು. ಇಂದು ಮನೆಮನೆಯ ವೈಫೈ ಪೆಟ್ಟಿಗೆಯಲ್ಲಿ ಅದೇ ಇದೆ. ಅದನ್ನು ನಿವೃತ್ತಿಗೊಳಿಸುವ ಮಾತನ್ನು ಯಾರೂ ಎತ್ತುವುದಿಲ್ಲ. ನೋವು ಕೊಡದ ತಾತ್ಕಾಲಿಕಕ್ಕೆ ಕೊನೆಯಿಲ್ಲವೇನೋ.

ಭಾರತದ ಪಾಲಿಗೆ ಬಂದ ಐಪಿ-4 ವಿಳಾಸಗಳು ಜನಸಂಖ್ಯೆಗೆ ಹೋಲಿಸಿದರೆ ಬಹಳ ಕಡಿಮೆ. ದೂರಸಂಪರ್ಕ ಇಲಾಖೆ 2010ರ ಜುಲೈಯಲ್ಲಿಯೇ ಐಪಿ-6ಕ್ಕೆ ಮಾರ್ಗಸೂಚಿ ಹೊರಡಿಸಿ, ಸರ್ಕಾರಿ ಕಚೇರಿಗಳಿಗೆ 2012ರ ಮಾರ್ಚಿಯ ಗಡುವು ಕೊಟ್ಟಿತ್ತು. ಗಡುವು ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಯಿತು. ನಿಜವಾದ ಬದಲಾವಣೆ ತಂದದ್ದು 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಮೊಬೈಲ್ ಸೇವೆ. ಹೊಸದಾಗಿ ಕಟ್ಟುವವರಿಗೆ ಹಳೆಯದನ್ನು ಕೆಡಹುವ ಕಷ್ಟವಿಲ್ಲ. ಅದು ಮೊದಲಿನಿಂದಲೇ ಐಪಿ-6 ಅಳವಡಿಸಿಕೊಂಡಿತು. ಇಂದು ಐಪಿ-6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದು.

ಹೀಗಾಗಿ ಈಗ ವಾದ ಸುರಂಗಗಳ ಕುರಿತದ್ದಲ್ಲ, ಮೊದಲ ಉಪಾಯದ ಕುರಿತದ್ದು. ಪ್ರತಿ ಯಂತ್ರವೂ ಎರಡು ಭಾಷೆ ಹೊತ್ತು ತಿರುಗುವುದು ಎಷ್ಟು ದಿನ? ಎರಡೆಂದರೆ ಎರಡು ಪಟ್ಟು ನಿರ್ವಹಣೆ, ಎರಡು ಪಟ್ಟು ಭದ್ರತೆಯ ಚಿಂತೆ. ಒಳಗೆಲ್ಲ ಐಪಿ-6 ಮಾತ್ರ ಇಟ್ಟು, ಅಂಚಿನಲ್ಲಿ ಭಾಷಾಂತರಕಾರನನ್ನು ಕೂರಿಸುವ ಪದ್ಧತಿ ಮೊಬೈಲ್ ಜಾಲಗಳಲ್ಲಿ ಬೇರೂರಿದೆ. ಅಂಥ ಜಾಲದಲ್ಲೂ ಕೆಲಸ ಮಾಡದ ತಂತ್ರಾಂಶವನ್ನು ತನ್ನ ಅಂಗಡಿಯೊಳಗೆ ಬಿಡುವುದಿಲ್ಲವೆಂದು ಆಪಲ್ 2016ರ ಜೂನ್ 1ರಿಂದ ನಿಯಮ ಮಾಡಿತು. ಐಇಟಿಎಫ್‌ನಲ್ಲಿ 2012ರಲ್ಲಿಯೇ ‘ಸನ್‌ಸೆಟ್ 4’ ಎಂಬ ತಂಡ, ಅಂದರೆ ನಾಲ್ಕರ ಸೂರ್ಯಾಸ್ತದ ತಂಡ, ಹುಟ್ಟಿತ್ತು. 2016ರಲ್ಲಿ ಐಪಿ-4ಕ್ಕೇ ಐತಿಹಾಸಿಕ ಮುದ್ರೆ ಒತ್ತಬೇಕೆಂಬ ಪ್ರಸ್ತಾವವೂ ಬಂತು, ಒಪ್ಪಿಗೆ ಸಿಗಲಿಲ್ಲ.

ಮುದ್ರೆ ಒತ್ತಲು ಹಿಂಜರಿಯುವವರ ನಡುವೆ ದಿನ ಗೊತ್ತುಮಾಡಿದವರೂ ಇದ್ದಾರೆ. ತನ್ನ ಜಾಲಗಳ ಶೇಕಡ 80ರಷ್ಟು ಸಾಧನಗಳು 2025ರ ಹಣಕಾಸು ವರ್ಷದ ಕೊನೆಗೆ ಐಪಿ-6 ಮಾತ್ರ ಬಳಸಬೇಕೆಂದು ಅಮೆರಿಕದ ಕೇಂದ್ರ ಸರ್ಕಾರ 2020ರ ನವೆಂಬರಿನಲ್ಲಿ ಆದೇಶಿಸಿತ್ತು. ಚೆಕ್ ಗಣರಾಜ್ಯದ ಸರ್ಕಾರ 2024ರ ಜನವರಿಯಲ್ಲಿ ಇನ್ನೂ ಖಚಿತವಾದ ತೀರ್ಮಾನ ಕೈಗೊಂಡಿತು. ಅದರ ಪ್ರಕಾರ ಆ ದೇಶದ ಸರ್ಕಾರಿ ಸೇವೆಗಳು ಐಪಿ-4ರಲ್ಲಿ ಸಿಗುವುದು ನಿಲ್ಲಬೇಕಾದ ದಿನ 2032ರ ಜೂನ್ 6.